ಯಾವ ಕಣಿವೆಯದೂ ಅಲ್ಲದ ಉಡುಪು

ಬ್ರೆಕ್ಕೆ ಎಂಬ ಜಮೀನಿನ ಅಂಗಳಕ್ಕೆ ಎರಡು ಮನೆಗಳು. ದೊಡ್ಡದರಲ್ಲಿ ಆಸ್ಲೌಗ್, ಅವಳ ಗಂಡ ಹಲ್ವೋರ್. ಎದುರಿನ ಚಿಕ್ಕದರಲ್ಲಿ ಅವಳ ಅತ್ತೆ ಬಿರ್ಗಿಟ್. ಜಮೀನು ಮಗನ ಕೈಗೆ ಬಂದ ಮೇಲೆ ಹಿರಿಯರು ಅಂಗಳ ದಾಟಿ ಚಿಕ್ಕ ಮನೆ ಸೇರುವುದು, ಬದುಕಿರುವವರೆಗೂ ಅವರಿಗೆ ದೊಡ್ಡ ಮನೆಯಿಂದ ಹಾಲು, ಆಲೂಗಡ್ಡೆ, ಸೌದೆ ಹೋಗುವುದು ನಮ್ಮ ಕಣಿವೆಯ ಎಲ್ಲ ಮನೆಗಳ ಪದ್ಧತಿ. ಅಂಗಳ ಅಷ್ಟೇನೂ ಅಗಲವಿಲ್ಲ. ಒಂದು ಅಡುಗೆಮನೆಯಲ್ಲಿ ಕಾಫಿ ಕುದಿದರೆ ಇನ್ನೊಂದರಲ್ಲಿ ಗೊತ್ತಾಗುತ್ತಿತ್ತು. ಆದರೆ ಆಸ್ಲೌಗ್ ಆ ಅಂಗಳ ದಾಟಿದ್ದು ಬಹಳ ಕಡಿಮೆ. ದಾಟಿದಾಗಲೆಲ್ಲ ಜಗಳಕ್ಕೇ ದಾಟಿದಳು.

ಆಸ್ಲೌಗ್ ನಮ್ಮ ಕಣಿವೆಯವಳಲ್ಲ. ಬೆಟ್ಟದ ಬೆನ್ನಿನಾಚೆ, ಹಾರ್ದಾಂಗರ್‌ನ ಸೇಬಿನ ತೋಟಗಳ ನಡುವೆ ಹುಟ್ಟಿದವಳು. ಒಂದು ಬೇಸಿಗೆ ಆಡುಗಳ ಹಾಲು ಕರೆಯಲೆಂದು ಬ್ರೆಕ್ಕೆಯ ಬೆಟ್ಟದ ಹಟ್ಟಿಗೆ ಬಂದಳು. ಬೇಸಿಗೆ ಮುಗಿದ ಮೇಲೆ ಹೋಗಲಿಲ್ಲ. ಎತ್ತರದ ಹೆಂಗಸು, ಕೆಂಪು ಕೈಗಳು, ಮಾತು ಮೊಟಕು. ನಮ್ಮವರಿಗೆ ಅವಳ ಬಗ್ಗೆ ಇದ್ದ ದೂರು ಒಂದೇ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅದೂ ತಕ್ಷಣ.

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಒಂದು ವಸಂತದಲ್ಲಿ, ಆಡುಗಳು ಮರಿ ಹಾಕುತ್ತಿದ್ದ ವಾರ, ಬಿರ್ಗಿಟ್ ಹಟ್ಟಿಯ ಬಾಗಿಲಲ್ಲಿ ನಿಂತು ಹೇಳಿದಳಂತೆ:

"ಎರಡು ವರ್ಷ ಮರಿ ಹಾಕ್ದಿರೋ ಆಡನ್ನ ನಾವು ಚಳಿಗಾಲಕ್ಕೆ ಇಟ್ಕೊಳ್ತಿರ್ಲಿಲ್ಲ."

ಆಸ್ಲೌಗ್ ಕೈಯಲ್ಲಿದ್ದ ಮರಿಯನ್ನು ಒರೆಸುತ್ತಲೇ, "ಹೋತಾನೂ ಒಂದ್ಸಲ ನೋಡಿಸ್ಬೇಕಲ್ವಾ, ಬಿರ್ಗಿಟ್? ಅದನ್ನ ಸಾಕಿದೋರು ನೀವೇ ಅಲ್ವಾ?" ಅಂದಳು.

ಈ ಮಾತು ಸಂಜೆಯೊಳಗೆ ಹಾಲಿನ ಡೈರಿ ತಲುಪಿತು. ಕಣಿವೆ ಒಂದು ವಾರ ನಕ್ಕಿತು. ಹಲ್ವೋರ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅವನು ಕೆಟ್ಟವನಲ್ಲ. ಹೆಂಡತಿ, ತಾಯಿ ಮುಖಾಮುಖಿಯಾದರೆ ಹಟ್ಟಿಗೆ ಹೋಗಿಬಿಡುತ್ತಿದ್ದ. ಹಟ್ಟಿಯಲ್ಲಿ ಯಾವಾಗಲೂ ಏನಾದರೂ ಕೆಲಸವಿರುತ್ತಿತ್ತು. "ನಿಮ್ಮಮ್ಮನ ನಾಲಿಗೆ ನನಗಷ್ಟು ನೋಯ್ಸಲ್ಲ," ಎಂದು ಆಸ್ಲೌಗ್ ಅವನಿಗೆ ಹೇಳುತ್ತಿದ್ದಳು. "ನಿನ್ನ ಬೆನ್ನು ನೋಯ್ಸತ್ತೆ."

ಬಿರ್ಗಿಟ್‌ಗೆ ಇನ್ನೊಬ್ಬ ಮಗನಿದ್ದ. ಓಲಾವ್, ಚರ್ಚಿನ ಹತ್ತಿರ ಮನೆ ಮಾಡಿಕೊಂಡಿದ್ದ. ಅವನಿಗೊಬ್ಬಳು ಮಗಳು, ತೋನೆ. ನಮ್ಮಲ್ಲಿ ಜಮೀನು ಮೊದಲ ಮಗುವಿಗೆ. ಹಿರಿಯನಿಗೆ ಮಕ್ಕಳಿಲ್ಲದಿದ್ದರೆ ತಮ್ಮನ ಮಕ್ಕಳಿಗೆ. ತೋನೆ ತೊಟ್ಟಿಲಲ್ಲಿದ್ದಾಗಲೇ ಬಿರ್ಗಿಟ್ ಮನಸ್ಸಿನಲ್ಲಿ ಬ್ರೆಕ್ಕೆಯನ್ನು ಅವಳ ಮಡಿಲಿಗೆ ಹಾಕಿಯಾಗಿತ್ತು.

ತೋನೆಗೆ ನಾಲ್ಕು ತುಂಬಿದ ವರ್ಷ ಆಸ್ಲೌಗ್ ಮತ್ತು ಹಲ್ವೋರ್ ಕೊಲಂಬಿಯಕ್ಕೆ ಹೋಗಿ ಯಮಿಲೆಯನ್ನು ದತ್ತು ತಂದರು.

ನಾಲ್ಕು ವರ್ಷದ ಹುಡುಗಿ. ಹಲ್ವೋರ್ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಅವಳಿಗಾಗಿ. ಅವರು ಮರಳಿದ ದಿನ ಹಿಮ ಬೀಳುತ್ತಿತ್ತು. ಕಣಿವೆಯ ಹೆಂಗಸರೆಲ್ಲ ಹೆಣೆದ ಕೈಗವಸುಗಳನ್ನು ತಂದಿದ್ದರು. ಒಂದು ಮಗುವಿಗೆ ಎರಡೇ ಕೈ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಮಗು ಯಾರ ಕೈಗೂ ಹೋಗಲಿಲ್ಲ. ಎತ್ತಿಕೊಳ್ಳಲು ಹೋದವರನ್ನು ಕಚ್ಚಿತು. ಆ ಚಳಿಗಾಲವಿಡೀ ಹೆಚ್ಚು ಕಚ್ಚಿಸಿಕೊಂಡವಳು ಆಸ್ಲೌಗ್.

ಬಹಳ ವರ್ಷಗಳ ಮೇಲೆ, ನೆರೆಮನೆಯ ನಾನು ಅವಳ ಜೊತೆ ಸೌತೆಕಾಯಿ ಉಪ್ಪಿನಕಾಯಿ ಹಾಕುತ್ತಾ ಕೂತ ಒಂದು ಮಧ್ಯಾಹ್ನ ಅವಳು ಆ ದಿನಗಳ ಬಗ್ಗೆ ಹೇಳಿದ್ದುಂಟು. "ಮಗು ಬಂದ್ರೆ ಮನೆ ತುಂಬತ್ತೆ ಅಂದ್ಕೊಂಡಿದ್ದೆ. ಬಂದಿದ್ದು ಒಬ್ಬ ಶತ್ರು. ಮೇಜಿನ ಕೆಳಗೆ ಕೂತು ನನ್ನೇ ನೋಡೋಳು. ಅವಳ ಭಾಷೇಲಿ ಏನೇನೋ ಅನ್ನೋಳು. ಬೈಗುಳ ಅಂತ ಗೊತ್ತಾಗ್ತಿತ್ತು. ನನಗೆ ಮಗು ಬೇಕಿತ್ತು. ಅವಳಿಗೆ ನಾನು ಬೇಕಿರ್ಲಿಲ್ಲ. ಅವಳು ಸರಿ ಅಂತ ನನಗೆ ಅನ್ಸೋದು, ಅದೇ ಕಷ್ಟ ಆಗಿದ್ದು. ಬಿಸಿಲಲ್ಲಿದ್ದ ಮಗೂನ ಎತ್ಕೊಂಡ್ಬಂದು ಹಿಮದಲ್ಲಿ ನೆಟ್ಟೋಳು ನಾನು. ಅವಳು ಕಚ್ಚಿದ್ರೆ ನಾನೇನು ಹೇಳ್ಲಿ?"

ಊರವರು ಬಂದು ಸಮಾಧಾನದ ಮಾತಾಡುತ್ತಿದ್ದರು. ಅಂಚೆ ಕಚೇರಿಯ ಸಿಗ್ನೆ ಒಮ್ಮೆ ಮಗುವಿನ ಕೂದಲು ಸವರಲು ಹೋಗಿ ಕೈ ಹಿಂದೆಳೆದುಕೊಂಡು, "ಎಂಥಾ ಅದೃಷ್ಟವಂತೆ," ಅಂದಳು.

"ಅದೃಷ್ಟ ಅಂದ್ರೆ ಯಾವುದು? ಅಮ್ಮನ್ನ ಕಳ್ಕೊಂಡಿದ್ದಾ?" ಎಂದಳು ಆಸ್ಲೌಗ್. ಸಿಗ್ನೆ ಕಾಫಿ ಮುಗಿಸದೆ ಎದ್ದಳು.

ಹೆಸರಿನ ವಿಷಯವೂ ಬಂತು. ಹಿರಿಯ ಮಗನ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುವುದು ನಮ್ಮಲ್ಲಿ ರೂಢಿ. ಆಸ್ಲೌಗ್ ಇಡಲಿಲ್ಲ. "ಅವಳು ಅಲ್ಲಿಂದ ತಂದಿದ್ದು ಒಂದು ಹೆಸರು. ಅದನ್ನೂ ಕಿತ್ಕೊಳ್ಳಲ್ಲ," ಅಂದಳು. ಅಂಗಳದಾಚೆಯಿಂದ ಯಾರೂ ಏನೂ ಕೇಳಲಿಲ್ಲ. ಈಚೆಯಿಂದ ಯಾರೂ ಹೋಗಿ ತಿಳಿಸಲೂ ಇಲ್ಲ.

ಮಗು ಕಚ್ಚುವುದನ್ನು ಬಿಟ್ಟಿತು. ನಮ್ಮ ಮಾತು ಕಲಿಯಿತು. ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿಗೆ ಬಂತು. ಸಂಜೆ ಚಿಕ್ಕ ಮನೆಗೆ ಹಾಲಿನ ಕ್ಯಾನು ಒಯ್ಯುವ ಕೆಲಸ ಅವಳದಾಯಿತು. ಬಿರ್ಗಿಟ್ ಬಾಗಿಲು ಅರ್ಧ ತೆರೆದು, "ಮೆಟ್ಟಿಲ ಮೇಲಿಡು," ಎನ್ನುತ್ತಿದ್ದಳು. ಒಳಗೆ ಬಾ ಎಂದದ್ದಿಲ್ಲ. ತೋನೆ ಬಂದ ದಿನ ಅದೇ ಬಾಗಿಲಿನಿಂದ ಬೆಣ್ಣೆಯ ವಾಫಲ್ ಪರಿಮಳ ಅಂಗಳ ತುಂಬುತ್ತಿತ್ತು.

"ನಾನು ದಾರೀಲಿ ಒಂದು ಗುಟುಕು ಕುಡಿದೇ ಇಡೋದು," ಎಂದು ಯಮಿಲೆ ನಮಗೆ ಹೇಳಿ ನಗುತ್ತಿದ್ದಳು. "ಇಷ್ಟೂ ವರ್ಷದಿಂದ ಮುದುಕಿ ನನ್ನ ಎಂಜಲೇ ಕುಡೀತಿರೋದು."

ಆಸ್ಲೌಗ್ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಬೇಕಿದ್ದುದು ಒಂದೇ. ಯಮಿಲೆ ಬ್ರೆಕ್ಕೆಯವಳು ಎಂದು ಬ್ರೆಕ್ಕೆಯಲ್ಲಿ ಹುಟ್ಟಿದವರೊಬ್ಬರು, ಜನರ ಎದುರು, ಬಾಯಿಬಿಟ್ಟು ಹೇಳಬೇಕು. ತಾನು ಹೇಳಿದರೆ ಅದಕ್ಕೆ ಬೆಲೆಯಿಲ್ಲ, ತಾನೇ ಹೊರಗಿನವಳು. ಬಿರ್ಗಿಟ್ ಹೇಳುವುದಿಲ್ಲ. ಉಳಿದವನು ಹಲ್ವೋರ್. ಅವನು ಹಟ್ಟಿಯಲ್ಲಿರುತ್ತಿದ್ದ.

ನಮಗೆಲ್ಲ ಹದಿನೈದು ತುಂಬಿದ ವರ್ಷ ಅದು. ಆ ವಯಸ್ಸಿಗೆ ಮೇ ತಿಂಗಳಲ್ಲಿ ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ನಂಬಿಕೆಯನ್ನು ದೃಢಪಡಿಸಿದರೆ ನಾವು ದೊಡ್ಡವರ ಲೆಕ್ಕಕ್ಕೆ ಸೇರುತ್ತೇವೆ. ಹುಡುಗಿಯರಿಗೆ ಅಂದು ಬೂನಾದ್ ಎಂಬ ಸಾಂಪ್ರದಾಯಿಕ ಉಡುಪು ಬೇಕು. ಒಂದೊಂದು ಕಣಿವೆಗೂ ಅದರದೇ ಬೂನಾದ್, ಅದರದೇ ಬಣ್ಣ, ಅದರದೇ ಹೂ, ಅದರದೇ ಸೊಂಟದ ಪಟ್ಟಿ. ನಿಮ್ಮ ಹಿರಿಯರು ಎಲ್ಲಿಯವರೋ ಅಲ್ಲಿಯದನ್ನು ನೀವು ಉಡುತ್ತೀರಿ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ದೂರದಿಂದಲೇ ಓದಿಕೊಳ್ಳುತ್ತಾರೆ.

ನಮ್ಮ ಕಣಿವೆಯಲ್ಲಿ ಈ ಓದಿನ ಕೊನೆಯ ಮಾತು ಬಿರ್ಗಿಟ್‌ಳದು. ನಲವತ್ತು ವರ್ಷಗಳಿಂದ ಎಲ್ಲರ ಬೂನಾದ್ ಹೊಲಿದವಳು ಅವಳು. ಚರ್ಚಿನ ಬಾಗಿಲಲ್ಲಿ ನಿಂತು ಹೆಂಗಸರ ಉಡುಪಿನ ಅಂಚು ಮಗುಚಿ ನೋಡಿದರೂ ಯಾರೂ ಚಕಾರವೆತ್ತುತ್ತಿರಲಿಲ್ಲ. ಸಿಗ್ನೆಯ ಮಗಳ ಮದುವೆಯ ದಿನ ಅವಳ ಮುಂಗವಚದ, ಅಂದರೆ ಸೊಂಟಕ್ಕೆ ಕಟ್ಟುವ ಏಪ್ರನ್ನಿನ, ಕಸೂತಿ ಪಕ್ಕದ ಕಣಿವೆಯದೆಂದು ಎಲ್ಲರೆದುರು ಹೇಳಿದಳು. ಹೇಳಿದ್ದು ಸರಿಯಾಗಿಯೇ ಇತ್ತು. ಮದುವೆಯ ಹೆಣ್ಣು ಅಳುತ್ತಾ ಒಳಗೆ ಹೋದಳು.

ಆ ಮೇ ತಿಂಗಳಿಗೆ ಮುಂಚಿನ ಶರತ್ಕಾಲದಲ್ಲಿ ಬಿರ್ಗಿಟ್ ತಾನಾಗಿ ಅಂಗಳ ದಾಟಿ ಬಂದಳು. ಬಾಗಿಲಲ್ಲೇ ನಿಂತು, "ಇಬ್ರು ಹುಡುಗೀರಿಗೂ ನಾನೇ ಹೊಲೀತೀನಿ," ಅಂದಳು. "ಅಳತೆಗೆ ಇವಳನ್ನ ಗುರುವಾರ ಕಳಿಸು."

ಹಲ್ವೋರ್‌ನ ಮುಖ ಅರಳಿತು. "ನೋಡಿದ್ಯಾ? ಅಮ್ಮ ಬಾಗ್ತಿದಾಳೆ. ಟೈಮ್ ಕೊಡು ಅಂತ ನಾನು ಹೇಳಿರ್ಲಿಲ್ವಾ?"

"ನೀನು ಏನೂ ಹೇಳಿರ್ಲಿಲ್ಲ," ಎಂದಳು ಆಸ್ಲೌಗ್. ಆದರೂ ಗುರುವಾರ ಕಳಿಸಿದಳು.

ಚಳಿಗಾಲವಿಡೀ ಯಮಿಲೆ ಅಳತೆಗೆ ಹೋಗಿ ಬಂದಳು. ಆಸ್ಲೌಗ್ ಕೇಳುತ್ತಿದ್ದಳು: ಬಟ್ಟೆ ಹೇಗಿದೆ, ಎಷ್ಟಾಯಿತು.

"ತೋರ್ಸಲ್ಲ ಅವಳು. ಸೂಜಿ ಚುಚ್ತಾಳೆ ಅಷ್ಟೆ."

"ಬೇಕಂತ ಚುಚ್ತಾಳಾ?"

"ಅಮ್ಮ, ಸೂಜಿ ಇರೋದೇ ಚುಚ್ಚೋಕೆ. ತೋನೆಗೂ ಚುಚ್ತಾಳೆ."

ಸಮಾರಂಭಕ್ಕೆ ಒಂದು ವಾರವಿದ್ದಾಗ ಉಡುಪು ಬಂತು. ಯಮಿಲೆ ಅದನ್ನು ತೊಟ್ಟು ಅಡುಗೆಮನೆಯ ನಡುವೆ ಒಂದು ಸುತ್ತು ತಿರುಗಿದಳು. ಪಾಚಿ ಹಸಿರಿನ ಉಣ್ಣೆ, ಅಂಚಿನ ತುಂಬ ಹಳದಿ ಮತ್ತು ಬಿಳಿ ಹೂಗಳು, ಒಂದೊಂದು ಹೊಲಿಗೆಯೂ ಸಾಸಿವೆಯಷ್ಟು. ಅದಕ್ಕಿಂತ ಚೆನ್ನಾದ ಕೆಲಸವನ್ನು ಬಿರ್ಗಿಟ್ ಕೂಡ ಮಾಡಿರಲಾರಳು. ಹಲ್ವೋರ್ ಕುರ್ಚಿಯಿಂದ ಎದ್ದು ನಿಂತ.

ಆಸ್ಲೌಗ್ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ನಮ್ಮ ಕಣಿವೆಯದು ಕಪ್ಪು ಉಣ್ಣೆ, ಕೆಂಪು ಅಂಚು, ಸೊಂಟಕ್ಕೆ ನೇಯ್ದ ಪಟ್ಟಿ. ಇದರಲ್ಲಿ ಅದ್ಯಾವುದೂ ಇರಲಿಲ್ಲ. ಪಕ್ಕದ ಕಣಿವೆಯದೂ ಅಲ್ಲ, ಅದರಾಚೆಯದೂ ಅಲ್ಲ. ಆ ಹೂಗಳು ಯಾವ ಊರಿನ ಕಸೂತಿಯಲ್ಲೂ ಅರಳುವುದಿಲ್ಲ. ಒಂದಿಡೀ ಚಳಿಗಾಲ ಕೂತು, ಕಣ್ಣು ನೋಯಿಸಿಕೊಂಡು, ಎಲ್ಲಿಗೂ ಸೇರದ ಒಂದು ಉಡುಪನ್ನು ಮುದುಕಿ ಹೊಲಿದಿದ್ದಳು.

ಆಸ್ಲೌಗ್ ಕೈ ಒರೆಸಿಕೊಂಡು ಅಂಗಳ ದಾಟಿದಳು.

ಬಿರ್ಗಿಟ್ ಕಿಟಕಿಯ ಬಳಿ ತೋನೆಯ ಕಪ್ಪು ಉಡುಪಿಗೆ ಗುಂಡಿ ಹಾಕುತ್ತಿದ್ದಳು.

"ಇದೇನು ಮಾಡಿದ್ರಿ?"

"ಉಡುಪು ಮಾಡ್ದೆ. ಚೆನ್ನಾಗಿಲ್ವಾ?"

"ಇಡೀ ಚರ್ಚು ನೋಡತ್ತೆ. ಆ ಮಗು ಎಲ್ಲಿಯವಳೂ ಅಲ್ಲ ಅಂತ ಅವಳ ಮೈಮೇಲೇ ಬರ್ದು ಕಳ್ಸಿದೀರಿ."

"ಬರ್ದಿಲ್ಲ. ಇದ್ದಿದ್ದನ್ನ ಹೊಲ್ದಿದೀನಿ." ಬಿರ್ಗಿಟ್ ದಾರ ಕಚ್ಚಿ ತುಂಡರಿಸಿದಳು. "ಉಡುಪು ಸುಳ್ಳು ಹೇಳ್ಬಾರ್ದು, ಆಸ್ಲೌಗ್. ನಾನು ಇಷ್ಟು ವರ್ಷ ಯಾರಿಗೂ ಸುಳ್ಳು ಹೊಲ್ದಿಲ್ಲ. ಸ್ವಂತ ಮಗನ ಮನೆಗೂ ಹೊಲಿಯಲ್ಲ."

"ಅವಳು ನಿಮ್ಮ ಮಗನ ಮಗಳು."

"ನೀನು ಇಲ್ಲಿಗೆ ಬಂದು ಎಷ್ಟು ಕಾಲ ಆಯ್ತು? ಇವತ್ತಿಗೂ ಹಬ್ಬಕ್ಕೆ ಏನು ಉಡ್ತೀಯ? ಹಾರ್ದಾಂಗರ್‌ದು. ನಿನಗೊಂದು ನಮ್ಮದು ಹೊಲಿದು ಕೊಡ್ತೀನಿ ಅಂತ ಮದುವೆ ವರ್ಷ ಕೇಳ್ದೆ. ಬೇಡ ಅಂದೆ. ನಾನು ಅಲ್ಲಿಯವಳು ಅಂದೆ."

ಆಸ್ಲೌಗ್ ಹಾಗೆ ಹೇಳಿದ್ದು ನಿಜ.

"ಹೆಸರು ಇಡೋವಾಗ್ಲೂ ಅಷ್ಟೆ," ಎಂದಳು ಬಿರ್ಗಿಟ್. ಅವಳ ಧ್ವನಿ ಏರಲಿಲ್ಲ. "ಹಿರಿಮಗನ ಮೊದಲ ಹುಡುಗಿ. ನನ್ನ ಹೆಸರಿಡ್ಬೇಕಿತ್ತು. ಇಡಲ್ಲ ಅಂತ ಬಂದು ಹೇಳೋಷ್ಟೂ ನಿಮಗಾಗ್ಲಿಲ್ಲ. ಹೆಸರು ಅಲ್ಲೀದೇ ಇರ್ಲಿ ಅಂದೋಳು ನೀನು. ಈಗ ಉಡುಪು ಮಾತ್ರ ಇಲ್ಲೀದು ಬೇಕು."

"ಜಮೀನು ಅಂತ ಹೇಳಿ ಬಿರ್ಗಿಟ್. ನಿಮಗೆ ಹೊಟ್ಟೆ ಉರೀತಿರೋದು ಅದು."

"ಅದೂ ಹೌದು," ಎಂದಳು ಮುದುಕಿ. "ಬಾಗಿಲು ಹಾಕ್ಕೊಂಡು ಹೋಗು, ಗಾಳಿ ಬರ್ತಿದೆ."

ಹಟ್ಟಿಯಲ್ಲಿ ಹಲ್ವೋರ್ ಆಡಿನ ಗೊರಸು ಕತ್ತರಿಸುತ್ತಿದ್ದ. ಆಸ್ಲೌಗ್ ಹೇಳಿದ್ದನ್ನೆಲ್ಲ ಕೇಳಿ, ಗೊರಸಿನಿಂದ ಕಣ್ಣೆತ್ತದೆ, "ಆದ್ರೂ ಚೆನ್ನಾಗಿದೆಯಲ್ವಾ ಅದು," ಎಂದ. ಅವಳು ಅಲ್ಲಿದ್ದ ಬಕೀಟನ್ನು ಒದ್ದಳು. ಅದು ಗೋಡೆಗೆ ಬಡಿಯಿತು, ಆಡುಗಳೆಲ್ಲ ಒಂದು ಮೂಲೆಗೆ ಓಡಿದವು. ಆ ವಾರ ಅವರಿಬ್ಬರ ನಡುವೆ ಅಷ್ಟೇ ಮಾತು.

ಆಸ್ಲೌಗ್ ತನ್ನ ಪೆಟ್ಟಿಗೆ ತೆರೆದು ಹಾರ್ದಾಂಗರ್‌ನ ಬೂನಾದ್ ಹೊರತೆಗೆದಳು. ಕೆಂಪು ಎದೆಕಟ್ಟು, ಬಿಳಿ ಮುಂಗವಚ. ಅದನ್ನು ಮಗಳ ಹಾಸಿಗೆಯ ಮೇಲೆ ಹರಡಿ, ಕೂತು, ಹಸಿರು ಉಡುಪಿನ ವಿಷಯವನ್ನು ಆದಷ್ಟು ಮೆಲ್ಲಗೆ ಹೇಳಿದಳು.

"ಗೊತ್ತು," ಎಂದಳು ಯಮಿಲೆ.

"ಏನು ಗೊತ್ತು?"

"ತೋನೆ ಹೇಳಿದ್ಲು, ಕ್ರಿಸ್ಮಸ್ ಹೊತ್ತಿಗೇ. ಅವಳದು ಕಪ್ಪು, ನನ್ನದು ಹಸಿರು. ನನಗೇನು ಕಣ್ಣಿಲ್ವಾ?"

"ಗೊತ್ತಿದ್ದೂ ಹೋಗಿ ಸೂಜಿ ಚುಚ್ಚಿಸ್ಕೊಂಡು ಬರ್ತಿದ್ಯಾ?"

ಯಮಿಲೆ ಭುಜ ಹಾರಿಸಿದಳು. "ಒಳಗೆ ಬಿಡ್ತಿದ್ಲು. ವಾಫಲ್ ಕೊಡ್ತಿದ್ಲು, ಸ್ವಲ್ಪ ಸೀದಿದ್ದು."

"ಇದನ್ನ ಹಾಕ್ಕೊ. ಇದು ನಿನ್ನಮ್ಮಂದು. ಯಾರೂ ಬಾಯಿ ತೆಗೆಯೋ ಹಾಗಿಲ್ಲ."

"ನಾನು ಹಾರ್ದಾಂಗರ್‌ನೋಳಲ್ಲ, ಅಮ್ಮ. ಅಲ್ಲಿ ನನಗೆ ಗೊತ್ತಿರೋದು ನಿಮ್ಮಣ್ಣನ ನಾಯಿ ಒಂದೇ." ಅವಳು ಕೆಂಪು ಎದೆಕಟ್ಟನ್ನು ಮಡಿಸಿ ತಾಯಿಯ ತೊಡೆಯ ಮೇಲಿಟ್ಟಳು. "ನಾನು ಹಸಿರೇ ಹಾಕ್ಕೋತೀನಿ."

"ಅವಳು ನಿನ್ನ ಅವಮಾನ ಮಾಡಕ್ಕೆ ಹೊಲ್ದಿರೋದು."

"ಹೌದು. ಆದ್ರೆ ನನಗೆ ಅಂತ ಹೊಲ್ದಿರೋದು. ಅಮ್ಮ, ಬಾಗಿಲು ಹಾಕ್ತೀಯಾ? ನಾನು ಓದ್ಬೇಕು."

ಆಸ್ಲೌಗ್ ಬಾಗಿಲು ಹಾಕಿದಳು. ಮೆಟ್ಟಿಲಿಳಿಯುವಾಗ ಅವಳಿಗೆ ಬಿರ್ಗಿಟ್‌ಳ ಮೇಲಿನಷ್ಟೇ ಸಿಟ್ಟು ಮಗಳ ಮೇಲೂ ಬಂದಿತ್ತಂತೆ. ಮಗಳನ್ನು ಕಾಪಾಡಲು ಹೋದಾಗ ಅವಳು ಹಿಂದೆ ಮೇಜಿನ ಕೆಳಗಿನಿಂದ ನೋಡಿದ ಹಾಗೆಯೇ ನೋಡಿದಳು ಎನ್ನುತ್ತಿದ್ದಳು ಆಸ್ಲೌಗ್.

ಆ ಭಾನುವಾರ ಬಿಸಿಲಿತ್ತು. ಚರ್ಚಿನೊಳಗೆ ನಾವೆಲ್ಲ ಉಡುಪಿನ ಮೇಲೆ ಉದ್ದನೆಯ ಬಿಳಿ ನಿಲುವಂಗಿ ತೊಟ್ಟು ಸಾಲಾಗಿ ನಿಂತಿದ್ದೆವು. ಬಿಳಿಯೊಳಗೆ ಯಾರು ಯಾವ ಕಣಿವೆಯವರೆಂದು ತಿಳಿಯುವುದಿಲ್ಲ. ಪಾದ್ರಿ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟರು. ಆಮೇಲೆ ಹೊರಗೆ ಹುಲ್ಲಿನ ದಿಬ್ಬದ ಮೇಲೆ, ಮನೆಯವರೆಲ್ಲ ಕ್ಯಾಮೆರಾ ಹಿಡಿದು ಕಾಯುತ್ತಿರುವಾಗ, ನಾವು ನಿಲುವಂಗಿ ಕಳಚಿದೆವು. ಕಪ್ಪು, ಕಪ್ಪು, ಕಪ್ಪು, ಮತ್ತೆ ಕಪ್ಪು. ತೋನೆಯ ಎದೆಯ ಬೆಳ್ಳಿ ಬಿಸಿಲಿಗೆ ಮಿಂಚಿತು. ಅವಳ ಪಕ್ಕದಲ್ಲಿ ಪಾಚಿ ಹಸಿರು.

ಮಾತುಗಳು ಒಂದು ಕ್ಷಣ ತಗ್ಗಿದವು. ಆಗ ಸಿಗ್ನೆ ಮುಂದೆ ಬಂದಳು. ಮಗಳ ಮದುವೆಯ ದಿನದಿಂದ ಅವಳು ಇಂಥದೊಂದು ಗಳಿಗೆಗೆ ಕಾದಿದ್ದಳೋ ಏನೋ.

"ಎಷ್ಟು ಚಂದ ಇದೆ, ಯಮಿಲೆ. ಇದು ಯಾವ ಕಣಿವೇದು ಕಂದ?"

"ಅಜ್ಜೀನ ಕೇಳಿ," ಎಂದಳು ಯಮಿಲೆ. "ಹೊಲಿದೋಳು ಅಜ್ಜಿ."

ಎಲ್ಲರೂ ಬಿರ್ಗಿಟ್ ಕಡೆ ತಿರುಗಿದರು. ಸಿಗ್ನೆ ದನಿ ಇನ್ನಷ್ಟು ಸಿಹಿ ಮಾಡಿಕೊಂಡು, "ಹೇಳ್ಕೊಡಿ ಬಿರ್ಗಿಟ್. ನಮಗೆಲ್ಲಿ ಗೊತ್ತಾಗತ್ತೆ ಇವೆಲ್ಲ. ನಾವು ಮುಂಗವಚಾನೇ ತಪ್ಪು ಹಾಕ್ಕೊಳ್ಳೋರು," ಅಂದಳು.

ಮುದುಕಿ ಕೋಲೂರಿ ನಿಂತಿದ್ದಳು. ಸುಳ್ಳು ಹೇಳಲು ಅವಳಿಗೆ ಬೇಕಾದಷ್ಟು ಸಮಯವಿತ್ತು. ಹಳೇ ಕಾಲದ ಮಾದರಿ ಎಂದಿದ್ದರೂ ಯಾರೂ ಎದುರು ಮಾತಾಡುತ್ತಿರಲಿಲ್ಲ.

"ಯಾವ ಕಣಿವೇದೂ ಅಲ್ಲ," ಅಂದಳು. "ಹುಡುಗಿ ಯಾವ ಕಣಿವೆಯವಳೂ ಅಲ್ಲ."

ಧ್ವಜಕಂಬದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಯಮಿಲೆ ಗಲ್ಲ ಎತ್ತಿ ಹಾಗೇ ನಿಂತಿದ್ದಳು. ಕೈಯಲ್ಲಿದ್ದ ಬಿಳಿ ನಿಲುವಂಗಿಯನ್ನು ಮಾತ್ರ ಮುದ್ದೆ ಮಾಡಿದ್ದಳು. ಆಸ್ಲೌಗ್ ಅತ್ತೆಯ ಕಡೆಗೆ ಹೆಜ್ಜೆ ಇಟ್ಟಳು. ಹಲ್ವೋರ್ ಅವಳ ಮಣಿಕಟ್ಟು ಹಿಡಿದ.

"ಬಿಡು," ಎಂದಳು ಅವಳು.

"ಊಟಕ್ಕೆ ಹೊತ್ತಾಯ್ತು," ಎಂದ ಹಲ್ವೋರ್.

ಕಾರಿನಲ್ಲಿ ಆಸ್ಲೌಗ್ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಳು. ಗಂಡನ ತಲೆಯ ಹಿಂಭಾಗ ನೋಡುತ್ತಾ, ಈ ಊಟ ಮುಗಿದ ಮೇಲೆ ತಾನು ಈ ಮನುಷ್ಯನ ಜೊತೆ ಇರುವುದಿಲ್ಲ ಎಂದು ತೀರ್ಮಾನಿಸಿದ್ದಳಂತೆ. ಅದನ್ನು ಅವಳು ನನಗೆ ಸೌತೆಕಾಯಿ ಹೆಚ್ಚುತ್ತಲೇ ಹೇಳಿದಳು, ಹವಾಮಾನದ ಬಗ್ಗೆ ಹೇಳುವ ಹಾಗೆ.

ಇಬ್ಬರು ಹುಡುಗಿಯರ ಊಟವೂ ಒಟ್ಟಿಗೆ, ಊರಿನ ಸಭಾಮನೆಯಲ್ಲಿ. ಉದ್ದನೆಯ ಮೇಜುಗಳು, ಹುರಿದ ಕುರಿಮಾಂಸ, ಆಲೂಗಡ್ಡೆ, ಬಾದಾಮಿಯ ಬಳೆಗಳನ್ನು ಒಂದರ ಮೇಲೊಂದು ಪೇರಿಸಿದ ಕೇಕ್. ನಾನೂ ಇದ್ದೆ, ನಮ್ಮಪ್ಪ ಬ್ರೆಕ್ಕೆಯ ನೆರೆಯವರು. ಊಟದ ನಡುವೆ ತಂದೆ ಎದ್ದು ಮಗುವಿನ ಬಗ್ಗೆ ಮಾತಾಡಬೇಕು. ಓಲಾವ್ ಮೊದಲು ಎದ್ದ. ಅವನಿಗೆ ಮಾತು ಬರುತ್ತದೆ. ತೋನೆಯ ಬಾಲ್ಯ, ಅವಳು ಬಿದ್ದ ಕೆರೆ, ಅವಳ ಗಣಿತ. ಕೊನೆಗೆ "ಬ್ರೆಕ್ಕೆಯ ಮುಂದಿನ ಕುಡಿ" ಎಂದು ಗ್ಲಾಸು ಎತ್ತಿದ. ಎಲ್ಲರೂ ಎತ್ತಿದರು. ಆಸ್ಲೌಗ್ ಎತ್ತಲಿಲ್ಲ.

ಆಮೇಲೆ ಹಲ್ವೋರ್ ಎದ್ದ. ಕುರ್ಚಿಯ ಬೆನ್ನು ಹಿಡಿದು ನಿಂತ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

"ನನಗೆ ಮಾತು ಬರಲ್ಲ. ನಿಮಗೆಲ್ಲ ಗೊತ್ತು." ಅವನು ಮೇಜುಬಟ್ಟೆಯನ್ನು ನೋಡುತ್ತಿದ್ದ. "ಬೆಳಗ್ಗೆ ಅಮ್ಮ, ಇವಳು ಎಲ್ಲಿಯವಳೂ ಅಲ್ಲ ಅಂತ ಹೇಳಿದ್ಲು. ಇವಳು ಎಲ್ಲಿಯೋಳು ಅನ್ನೋದನ್ನ ನಾನು ಹೇಳ್ತೀನಿ. ನಮ್ಮಲ್ಲಿ ಜಮೀನು ಮೊದಲ ಮಗೂಗೆ. ನನ್ನ ಮೊದಲ ಮಗು ಯಮಿಲೆ. ಬ್ರೆಕ್ಕೆ ಅವಳದು. ಅವಳೇ ಬೇಡ ಅಂದ್ರೆ ಮಾತ್ರ ಬೇರೆ ಮಾತು. ಇದನ್ನ ಹೇಳೋ ಅಗತ್ಯ ಇಲ್ಲ ಅಂದ್ಕೊಂಡಿದ್ದೆ. ತಪ್ಪು. ಮುಂಚೇನೇ ಹೇಳ್ಬೇಕಿತ್ತು. ಹಟ್ಟೀಲಿದ್ದೆ."

ಯಾರೋ ಒಬ್ಬರು ನಕ್ಕು, ತಕ್ಷಣ ನಿಲ್ಲಿಸಿದರು.

"ಕೇಕ್ ತಿನ್ನೋ ಹೊತ್ನಲ್ಲಿ ಜಮೀನಿನ ಮಾತು ಯಾಕಣ್ಣ?" ಎಂದ ಓಲಾವ್. ಅವನ ಕಿವಿಗಳು ಕೆಂಪಾಗಿದ್ದವು. "ಮಕ್ಕಳ ದಿನ ಇದು."

"ಮುಂದಿನ ಕುಡಿ ಅಂದೋನು ನೀನು. ನಾನು ಸರಿ ಮಾಡ್ದೆ."

"ಕೂತ್ಕೋ, ಹಲ್ವೋರ್," ಎಂದಳು ಬಿರ್ಗಿಟ್.

"ಕೂತ್ಕೋತೀನಿ ಅಮ್ಮ. ಹೇಳಿದ್ದಾಯ್ತು." ಅವನು ಕೂತ. ಗ್ಲಾಸು ಎತ್ತುವುದನ್ನು ಮರೆತಿದ್ದ, ಯಾರೂ ನೆನಪಿಸಲಿಲ್ಲ. ಓಲಾವ್‌ನ ಹೆಂಡತಿ ಕೋಟು ಹುಡುಕತೊಡಗಿದಳು.

ಆಸ್ಲೌಗ್ ಅಷ್ಟು ವರ್ಷ ಕಾದಿದ್ದ ಮಾತು ಅದು. ಬಂದಾಗ ಅವಳಿಗೆ ಸಂತೋಷವಾಗಲಿಲ್ಲವಂತೆ. ಎಷ್ಟು ಸಣ್ಣ ಮಾತು, ಹೇಳಲು ಎಷ್ಟು ಕಡಿಮೆ ಹೊತ್ತು ಸಾಕಿತ್ತು ಎಂದು ನೋಡಿ ಇನ್ನೊಂದು ಸಿಟ್ಟು ಎದ್ದಿತಂತೆ. ಇಷ್ಟಕ್ಕೆ ಒಂದು ಮಗುವಿನ ಇಡೀ ಬಾಲ್ಯವನ್ನು ಮೆಟ್ಟಿಲ ಮೇಲೆ ನಿಲ್ಲಿಸಿದನಲ್ಲ ಈ ಗಂಡಸು.

ಊಟ ಕೊಟ್ಟವರಿಗೆ ಮಕ್ಕಳೇ ಎದ್ದು ಧನ್ಯವಾದ ಹೇಳುವುದು ಕೊನೆಯ ಶಾಸ್ತ್ರ. ತೋನೆ ಅಳುತ್ತಾ ಹೇಳಿ ಮುಗಿಸಿದಳು. ಆಮೇಲೆ ಯಮಿಲೆ ಎದ್ದಳು. ಕೋಟು ಸಿಕ್ಕಿದವರೂ ಕೂತರು.

"ಊಟಕ್ಕೆ ಥ್ಯಾಂಕ್ಸ್. ಕೊಟ್ಟಿದ್ದಕ್ಕೆಲ್ಲ ಥ್ಯಾಂಕ್ಸ್. ಅಪ್ಪ, ನನಗೆ ಆಡು ಕಂಡ್ರೆ ಆಗಲ್ಲ, ಜಮೀನಿನ ವಿಷಯ ಆಮೇಲೆ ನೋಡೋಣ. ಆದ್ರೆ ಹೇಳಿದ್ದು ಒಳ್ಳೇದಾಯ್ತು." ಹಲ್ವೋರ್ ತಲೆಯಾಡಿಸಿದ. ಅವಳು ಮೇಜಿನ ಇನ್ನೊಂದು ತುದಿಗೆ ತಿರುಗಿದಳು. "ಅಜ್ಜಿ, ಇದರ ಸೊಂಟ ಬಿಗಿ. ಊಟ ಆದ್ಮೇಲೆ ಉಸಿರಾಡಕ್ಕಾಗ್ತಿಲ್ಲ. ಬಿಚ್ಚಿ ಸ್ವಲ್ಪ ಬಿಟ್ಕೊಡ್ಬೇಕು."

ಬಿರ್ಗಿಟ್ ಮೊಮ್ಮಗಳ ಮುಖ ನೋಡಲಿಲ್ಲ, ಸೊಂಟ ನೋಡಿದಳು. "ಹೆಚ್ಚು ತಿಂದಿದೀಯ."

"ತಿಂದೆ. ಇನ್ನೂ ಕೇಕ್ ಇದೆ. ನೀನೇ ಹೊಲ್ದಿದ್ದು, ನೀನೇ ಸರಿ ಮಾಡ್ಬೇಕು. ನಾನು ಬೇರೆ ಯಾರ ಹತ್ರ ಹೋಗ್ಲಿ?"

ಬೇರೆ ಯಾರೂ ಇರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮುದುಕಿ ಕೋಲನ್ನು ಮೇಜಿಗೆ ಒರಗಿಸಿದಳು. ಹೊಲಿಗೆ ಬಿಗಿಯಾಯಿತು ಎಂದು ಜನರೆದುರು ಅವಳಿಗೆ ಯಾರೂ ಹೇಳಿದ್ದಿಲ್ಲ.

"ಎಷ್ಟು?"

"ಎರಡು ಬೆರಳು."

"ಒಂದು ಸಾಕು. ನಾಳೆ ಬಾ. ಕೈ ತೊಳ್ಕೊಂಡು ಬಾ, ನಿನ್ನ ಕೈ ಯಾವಾಗ್ಲೂ ಕೊಳಕು."

ಸಿಗ್ನೆ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಯಮಿಲೆ ಉಡುಪು ಹೆಗಲಿಗೆ ಹಾಕಿಕೊಂಡು ಅಂಗಳ ದಾಟಿದಳು. ಆಸ್ಲೌಗ್ ಅಡುಗೆಮನೆಯಲ್ಲಿ ಹಲ್ವೋರ್‌ನ ಎದುರು ಕೂತಿದ್ದಳು. ಅವನು ಅಂದು ಹಟ್ಟಿಗೆ ಹೋಗಿರಲಿಲ್ಲ, ಏನು ಮಾಡಬೇಕೆಂದೂ ಅವನಿಗೆ ತಿಳಿದಿರಲಿಲ್ಲ. ಚಿಕ್ಕ ಮನೆಯಿಂದ ಎರಡು ದನಿಗಳು ಏರುವುದು, ಇಳಿಯುವುದು ಕೇಳಿಸುತ್ತಿತ್ತು. ಮಾತು ಸ್ಪಷ್ಟವಿರಲಿಲ್ಲ. ಜಗಳವೆಂಬುದು ಮಾತ್ರ ಸ್ಪಷ್ಟ.

ಕತ್ತಲಾಗುವ ಮುಂಚೆ ಮಗಳು ಬಂದಳು. ಸೊಂಟದ ಎರಡೂ ಬದಿಗೆ ಹೊಸ ಹೊಲಿಗೆ.

"ಏನಂದ್ಲು?" ಎಂದಳು ಆಸ್ಲೌಗ್.

"ಬೆನ್ನು ನೆಟ್ಟಗೆ ಇಟ್ಕೊ ಅಂದ್ಲು. ದಪ್ಪ ಆಗ್ತೀಯ ಅಂದ್ಲು. ಹೆಸರು ಹಿಡಿದು ಕರೆದ್ಲು, ತಪ್ಪಾಗಿ."

"ಅಷ್ಟೇನಾ? ತಪ್ಪಾಯ್ತು ಅನ್ಲಿಲ್ವಾ?"

"ಅಮ್ಮ, ಅವಳ ಹತ್ರ ಅದಿಲ್ಲ. ಇಲ್ದೇ ಇರೋದನ್ನ ಕೇಳಕ್ಕೆ ನಾನು ಹೋಗಿರ್ಲಿಲ್ಲ."

"ಮತ್ತೆ ಯಾಕೆ ಹೋದೆ? ಅಷ್ಟು ಮಾಡಿದೋಳ ಮನೆಗೆ, ನಾನು ಬೇಡ ಬೇಡ ಅಂದ್ರೂ. ಹೇಳು, ಯಾಕೆ ಹೋದೆ?"

 ಹಲ್ವೋರ್ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತ. ಯಮಿಲೆ ತಾಯಿಯನ್ನು ಸ್ವಲ್ಪ ಹೊತ್ತು ನೋಡಿದಳು. ಕರುಣೆಯೂ ಅಲ್ಲದ, ಸಿಟ್ಟೂ ಅಲ್ಲದ ನೋಟ ಅದು.

"ಸೊಂಟ ಬಿಗಿ ಇತ್ತು," ಎಂದು ಹೇಳಿ, ನಿನ್ನೆ ಉಳಿದ ಕೇಕಿನ ಡಬ್ಬಿಯ ಮುಚ್ಚಳ ತೆಗೆದಳು.